30 ಮೀಟರ್ ಓಡಿ ಹಾರುವ ಕಿಟ್ ವಿಮಾನದ ಗುಟ್ಟು ಎಂಜಿನ್‌ನಲ್ಲಿದೆಯಾ?

ಪ್ರಶ್ನೆ: ಬಿಡಿ ಭಾಗಗಳನ್ನು ತರಿಸಿ ನಾವೇ ಜೋಡಿಸಿಕೊಳ್ಳುವ ಕೆಲವು ಎರಡು ಸೀಟಿನ ವಿಮಾನಗಳು ಸುಮಾರು 30 ಮೀಟರ್ ಓಡಿ ಮೇಲೆದ್ದುಬಿಡುವುದನ್ನು ವಿಡಿಯೋದಲ್ಲಿ ನೋಡಿದೆ. ಎಂಜಿನ್ ಅಷ್ಟು ಜೋರಾಗಿರುತ್ತಾ?

ಉತ್ತರ: ಎಂಜಿನ್ ಅಂಥ ಜೋರೇನಲ್ಲ. ಈ ಜಾತಿಯಲ್ಲಿ ಹೆಸರುವಾಸಿಯಾದ ಝೆನಿತ್ ಸಿಎಚ್ 701 ಅನ್ನೇ ತೆಗೆದುಕೊಳ್ಳಿ. ಕ್ರಿಸ್ ಹೈಂಟ್ಸ್ ಅನ್ನುವ ಎಂಜಿನಿಯರ್ 1986ರಲ್ಲಿ ಹೊರತಂದ ವಿನ್ಯಾಸ ಇದು. ತುಂಬಿದ ತೂಕ ಸುಮಾರು 500 ಕೆಜಿ, ಎಂಜಿನ್ 80 ಎಚ್‌ಪಿಯ ರೋಟ್ಯಾಕ್ಸ್ ಅಂತ ಇಟ್ಟುಕೊಳ್ಳೋಣ. ಒಂದೊಂದು ಎಚ್‌ಪಿಗೂ ಆರು ಕೆಜಿಯ ಮೇಲೆ ಸ್ವಲ್ಪ ಭಾರ ಬೀಳುತ್ತದೆ. ಈಗ ಎಲ್ಲರಿಗೂ ಗೊತ್ತಿರುವ ಸೆಸ್ನಾ 172 ನೋಡಿ. 1150 ಕೆಜಿ, 180 ಎಚ್‌ಪಿ. ಅಲ್ಲೂ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ! ಆದರೆ ಸೆಸ್ನಾಕ್ಕೆ ನೆಲ ಬಿಡಲು 300 ಮೀಟರ್ ಹತ್ತಿರ ಓಟ ಬೇಕು.

ವ್ಯತ್ಯಾಸ ಇರುವುದು ನೆಲ ಬಿಡುವ ವೇಗದಲ್ಲಿ. ಸೆಸ್ನಾ ಗಂಟೆಗೆ 100 ಕಿ.ಮೀ. ಮುಟ್ಟಿದ ಮೇಲೆ ಏಳುತ್ತದೆ. 701ಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಓಟದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಅರ್ಧಕ್ಕಿಳಿದರೆ ದೂರ ಕಾಲು ಭಾಗಕ್ಕಿಳಿಯುತ್ತದೆ. ಅಂದರೆ ಈ ವಿಮಾನ ಜೋರಾಗಿ ಓಡುವುದನ್ನು ಕಲಿತಿಲ್ಲ, ನಿಧಾನವಾಗಿ ಹಾರುವುದನ್ನು ಕಲಿತಿದೆ. ಅದರ ಮೈಮೇಲಿನ ವಿಚಿತ್ರಗಳೆಲ್ಲ ಇದಕ್ಕಾಗಿಯೇ ಇರುವುದು.

ಮೊದಲು ರೆಕ್ಕೆ. ಗಿಡ್ಡ, ದಪ್ಪ, ಬುಡದಿಂದ ತುದಿಯವರೆಗೆ ಒಂದೇ ಅಗಲ. ಚದರ ಮೀಟರಿಗೆ ಸುಮಾರು 44 ಕೆಜಿ ಹೊರುತ್ತದೆ. ಸೆಸ್ನಾದ ರೆಕ್ಕೆ 70 ಹೊರುತ್ತದೆ. ಆದರೆ ಕಣ್ಣಿಗೆ ಬೀಳುವುದು ರೆಕ್ಕೆಯ ಮುಂದಿರುವ ಸ್ಲ್ಯಾಟ್. ಬಾಗಿದ ಉದ್ದನೆಯ ತಗಡಿನ ಪಟ್ಟಿ, ರೆಕ್ಕೆಯ ಮೂಗಿಗೆ ಅಂಟದೆ ಸ್ವಲ್ಪ ಮುಂದೆ ನಿಂತಿರುತ್ತದೆ. ನಡುವಿನ ಸಂದಿಗೆ ಬೆರಳು ತೂರಿಸಿ ನೋಡಬಹುದು. ವೇಗ ಕಮ್ಮಿಯಾದಷ್ಟೂ ಮೂತಿ ಎತ್ತಿ ರೆಕ್ಕೆಯನ್ನು ಗಾಳಿಗೆ ಓರೆ ಮಾಡಬೇಕು. ಸಾಮಾನ್ಯ ರೆಕ್ಕೆಯಾದರೆ 15 ಡಿಗ್ರಿ ದಾಟುತ್ತಿದ್ದಂತೆ ಮೇಲ್ಮೈಯ ಗಾಳಿ ಕಿತ್ತುಕೊಂಡು ಹೋಗಿ ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಸ್ಲ್ಯಾಟ್ ಇದ್ದರೆ ಇನ್ನೂ ಎಷ್ಟೋ ಡಿಗ್ರಿ ಮೂತಿ ಎತ್ತಬಹುದು. ಸಂದಿಯೊಳಗಿಂದ ಗಾಳಿ ಪಿಚಕಾರಿಯ ಹಾಗೆ ನುಗ್ಗುತ್ತದೆ, ಅದಕ್ಕೇ ಹೀಗೆ ಅಂತ ಹಲವರು ವಿವರಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. ಸ್ಲ್ಯಾಟ್ ತನ್ನ ಸುತ್ತ ಗಾಳಿಯನ್ನು ತಿರುಗಿಸಿ, ಹಿಂದಿನ ರೆಕ್ಕೆಯ ಮೂಗಿನ ಮೇಲಿನ ವಿಪರೀತ ಸೆಳೆತವನ್ನು ತಗ್ಗಿಸುತ್ತದೆ. ಆಗ ಗಾಳಿ ರೆಕ್ಕೆಯನ್ನು ಬಿಟ್ಟುಹೋಗುವುದಕ್ಕೆ ಕಾರಣವೇ ಕಮ್ಮಿಯಾಗುತ್ತದೆ. ಉಪಾಯವೇನೂ ಹೊಸದಲ್ಲ. 1936ರಲ್ಲಿ ಹಾರಿದ ಜರ್ಮನಿಯ ಫೀಸ್ಲರ್ ಸ್ಟಾರ್ಕ್‌ನಲ್ಲೂ ಇಂಥದ್ದೇ ಕದಲದ ಸ್ಲ್ಯಾಟ್ ಇತ್ತು.

ರೆಕ್ಕೆಯ ಹಿಂದೆ, ಸ್ವಲ್ಪ ಕೆಳಗೆ, ಉದ್ದಕ್ಕೂ ನೇತಾಡುವುದು ಫ್ಲ್ಯಾಪೆರಾನ್. ನಿಧಾನದಲ್ಲಿ ಎತ್ತುವ ಬಲ ಹೆಚ್ಚಿಸುವ ಫ್ಲ್ಯಾಪ್, ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಐಲೆರಾನ್ ಎರಡರ ಕೆಲಸವೂ ಅದರದ್ದೇ. ರೆಕ್ಕೆಯಿಂದ ಬಿಡಿಸಿ ಇಟ್ಟಿರುವುದರಿಂದ ಅದಕ್ಕೆ ಕದಡದ ಗಾಳಿ ಸಿಗುತ್ತದೆ.

ಬಾಲದ ವಿಚಾರ ಯಾಕೋ ಯಾರೂ ಕೇಳುವುದಿಲ್ಲ. ನನಗಂತೂ ಅದೇ ಇಷ್ಟ. ಅಷ್ಟು ನಿಧಾನದಲ್ಲಿ ಮೂತಿ ಮೇಲೆತ್ತಿ ಹಿಡಿಯಬೇಕಾದರೆ ಬಾಲವನ್ನು ಬಲವಾಗಿ ಕೆಳಗೆ ಒತ್ತಬೇಕು. ಹಾಗಾಗಿ 701ರ ಅಡ್ಡ ಬಾಲವನ್ನು ರೆಕ್ಕೆಯ ಆಕಾರ ತಲೆಕೆಳಗು ಮಾಡಿದಂತೆ ಮಾಡಿದ್ದಾರೆ. ಇನ್ನು ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ರಡ್ಡರ್. ನಿಧಾನಕ್ಕೆ ತೇಲುವ ದೋಣಿಯಲ್ಲಿ ಚುಕ್ಕಾಣಿ ಎಷ್ಟು ತಿರುಗಿಸಿದರೂ ದೋಣಿ ಮಾತು ಕೇಳಲ್ಲ, ಅಲ್ವಾ? ಇಲ್ಲೂ ಅದೇ ತೊಂದರೆ. ಅದಕ್ಕೆ ನಿಂತ ಬಾಲದಲ್ಲಿ ಅರ್ಧ ಗಟ್ಟಿ, ಅರ್ಧ ತಿರುಗುವ ಭಾಗ ಅಂತ ಇಟ್ಟಿಲ್ಲ. ಇಡೀ ಬಾಲವೇ ತಿರುಗುತ್ತದೆ. ಹೊರಗೆ ನಿಂತು ಅದನ್ನು ಕೈಯಿಂದ ಅತ್ತಿತ್ತ ಆಡಿಸಿದರೆ, ಏನೋ ಕಳಚಿಕೊಂಡಿದೆ ಅನ್ನಿಸಬೇಕು, ಹಾಗೆ ತಿರುಗುತ್ತದೆ.

ಎಂಜಿನ್ ಪಾಲು ಏನೂ ಇಲ್ಲ ಅಂತಲ್ಲ. ರೋಟ್ಯಾಕ್ಸ್‌ನಲ್ಲಿ ಗೇರ್‌ಬಾಕ್ಸ್ ಇರುವುದರಿಂದ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಬಹುದು. ನಿಂತಲ್ಲಿಂದ ಹೊರಡುವಾಗ ಅದರ ಎಳೆತ ಚೆನ್ನಾಗಿರುತ್ತದೆ. 100 ಎಚ್‌ಪಿ ಹಾಕಿದರೆ ಓಟ ಇನ್ನೂ ಕಮ್ಮಿ. 30 ಮೀಟರಿನ ಆಸುಪಾಸಿನ ಅಂಕಿಗಳು ಸಾಮಾನ್ಯವಾಗಿ ಬರುವುದು ಈ ಎಂಜಿನ್ನಿನಿಂದ.

ಇಷ್ಟೆಲ್ಲ ಸುಮ್ನೆ ಸಿಗುವುದಿಲ್ಲ. ಟೇಕಾಫ್‌ನಲ್ಲಿ ಅರ್ಧ ನಿಮಿಷವೂ ಬೇಕಾಗದ ಸ್ಲ್ಯಾಟ್ ಪ್ರಯಾಣದುದ್ದಕ್ಕೂ ಗಾಳಿಗೆ ಅಡ್ಡ ನಿಂತಿರುತ್ತದೆ. 701ರ ಪ್ರಯಾಣದ ವೇಗ ಗಂಟೆಗೆ 130 ಕಿ.ಮೀ. ಸುತ್ತಮುತ್ತ. ಸೆಸ್ನಾ 220 ದಾಟುತ್ತದೆ. ಕೆಲವರು ಸ್ಲ್ಯಾಟ್ ಕಿತ್ತು, ರೆಕ್ಕೆಯ ಮೇಲೆ ಗಾಳಿಯಲ್ಲಿ ಸುಳಿ ಎಬ್ಬಿಸುವ ಪುಟ್ಟ ಪುಟ್ಟ ವೋರ್ಟೆಕ್ಸ್ ಜನರೇಟರ್ ಅಂಟಿಸಿ ವೇಗ ಗಳಿಸುತ್ತಾರೆ. ಸೂಪರ್‌ಸ್ಟೋಲ್ (SuperSTOL) ಅನ್ನುವ ಇನ್ನೊಂದು ಕಿಟ್ ವಿಮಾನದಲ್ಲಿ ಸ್ಲ್ಯಾಟ್ ವೇಗ ಇಳಿದಾಗ ತಾನಾಗಿಯೇ ಹೊರಬರುತ್ತದೆ. ಜಾಣತನದ ಕೆಲಸವೇ, ಆದರೆ ಚಲಿಸುವ ಭಾಗ ಹೆಚ್ಚಿದಷ್ಟೂ ಜೋಡಿಸುವವರ ತಲೆಬಿಸಿ ಹೆಚ್ಚುತ್ತದೆ. ಮನೆಯಲ್ಲಿ ಜೋಡಿಸುವವರಿಗೆ ಹೈಂಟ್ಸ್ ಅವರ ದಾರಿಯೇ ವಾಸಿ ಅನ್ನಿಸುತ್ತದೆ. ಅಲ್ಯೂಮಿನಿಯಂ ಹಾಳೆಗಳ ತೂತಿಗೆ ರಿವೆಟ್ ಇಟ್ಟು, ಗನ್ ಒತ್ತಿದರೆ ಟಕ್ ಅಂತ ರಿವೆಟ್ಟಿನೊಳಗಿನ ಕಡ್ಡಿ ಮುರಿದು ಕೈಗೆ ಬರುತ್ತದೆ. ಹಿಂಬದಿಯಿಂದ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿಲ್ಲ.

ಎದುರುಗಾಳಿಯ ವಿಚಾರ ಕೊನೆಗೆ ಬಿಟ್ಟಿದ್ದೆ. 50ರಲ್ಲಿ ಏಳುವ ವಿಮಾನಕ್ಕೆ ಗಂಟೆಗೆ 20 ಕಿ.ಮೀ. ಎದುರುಗಾಳಿ ಸಿಕ್ಕರೆ ನೆಲದ ಮೇಲೆ 30 ಓಡಿದರೆ ಸಾಕು. ದೂರ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ನೀವು ನೋಡಿದ ವಿಡಿಯೋದಲ್ಲಿ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಎತ್ತ ಹಾರುತ್ತಿದೆ, ಇನ್ನೊಂದು ಸೀಟಿನಲ್ಲಿ ಯಾರಾದರೂ ಕೂತಿದ್ದಾರಾ ಅಂತ ಒಮ್ಮೆ ಗಮನಿಸಿ. ಬಿಸಿಲು, ಎತ್ತರದ ಜಾಗ, ಒದ್ದೆ ಹುಲ್ಲು ಮೂರೂ ಸೇರಿದ ದಿನ ಅದೇ ವಿಮಾನಕ್ಕೆ ಇದರ ಎಷ್ಟೋ ಪಟ್ಟು ಜಾಗ ಬೇಕಾಗುತ್ತದೆ.