ಇಂಟರ್‌ಫೇಸ್‌ನಲ್ಲಿ ಜೀವಕೋಶ ನಿದ್ದೆ ಮಾಡುತ್ತಾ?

ಪ್ರಶ್ನೆ: ಸರ್, ಮೈಟಾಸಿಸ್‌ನಲ್ಲಿ, ಅಂದ್ರೆ ಜೀವಕೋಶ ಒಡೆದು ಎರಡಾಗೋದರಲ್ಲಿ, ಇರೋದು ನಾಲ್ಕು ಹಂತ. ಒಂದು ವಿಭಜನೆಗೂ ಇನ್ನೊಂದಕ್ಕೂ ನಡುವೆ ಬರೋ ಇಂಟರ್‌ಫೇಸ್ ಅಂದ್ರೆ ಸುಮ್ನೆ ವಿಶ್ರಾಂತಿ ಹಂತ ಅಲ್ವಾ? ಅದನ್ನು ಬಿಟ್ಟು ಓದಿದರೆ ನಡೆಯುತ್ತಾ?

ನಡೆಯಲ್ಲ. ರಾಯಚೂರಿಗೆ ಬಿಸಿಲು ಬಂದ ಹಾಗೆ ಈ ಪ್ರಶ್ನೆ ವರ್ಷಾ ವರ್ಷಾ ಬರುತ್ತದೆ. ಅಕ್ಕ ಕೇಳಿ ಪಾಸಾಗಿ ಹೋದಳು, ಈಗ ತಮ್ಮ ಕೇಳುತ್ತಿದ್ದಾನೆ.

ನಾಲ್ಕು ಹಂತ ನಿಮಗೆ ಬಾಯಿಪಾಠ. ಪ್ರೊಫೇಸ್‌ನಲ್ಲಿ ಕ್ರೋಮೋಸೋಮುಗಳು (ಡಿಎನ್‌ಎ ಎಳೆಗಳು) ಸುತ್ತಿಕೊಂಡು ದಪ್ಪಗಾಗುತ್ತವೆ, ಮೆಟಾಫೇಸ್‌ನಲ್ಲಿ ನಡುವೆ ಸಾಲಾಗಿ ನಿಲ್ಲುತ್ತವೆ, ಅನಾಫೇಸ್‌ನಲ್ಲಿ ಸೀಳಿ ಆ ಕಡೆ ಈ ಕಡೆ ಸರಿಯುತ್ತವೆ, ಟೀಲೊಫೇಸ್‌ನಲ್ಲಿ ಎರಡು ನ್ಯೂಕ್ಲಿಯಸ್ (ಕೋಶಕೇಂದ್ರ) ಆಗುತ್ತವೆ. ಇದರ ಬಗ್ಗೆ ನನಗೇನೂ ತಕರಾರಿಲ್ಲ. ತಕರಾರಿರೋದು ‘ವಿಶ್ರಾಂತಿ’ ಅನ್ನೋ ಪದದ ಮೇಲೆ.

ಅರ್ಧ ಗೊಂದಲ ‘ವಿಭಜನೆ’ ಅನ್ನೋದರಿಂದಲೇ ಬಂದಿದೆ. ಅಣ್ಣತಮ್ಮಂದಿರು ಪಾಲಾದರೆ ಹತ್ತು ಎಕರೆ ಹೊಲ ಐದೈದು ಆಗುತ್ತದೆ. ಜೀವಕೋಶ ಹಾಗೆ ಪಾಲಾಗಲ್ಲ. ಅದು ಮೊದಲು ಹತ್ತನ್ನು ಇಪ್ಪತ್ತು ಮಾಡಿಕೊಂಡು ಆಮೇಲೆ ಪಾಲು ಮಾಡುತ್ತದೆ. ಇಬ್ಬರಿಗೂ ಹತ್ತತ್ತು ಎಕರೆ, ಜಗಳವೇ ಇಲ್ಲ. ಆ ಇಪ್ಪತ್ತು ಮಾಡುವ ಕೆಲಸ ನಡೆಯೋದು ಎಲ್ಲಿ? ನೀವು ನಿದ್ದೆ ಅಂತ ಬಿಟ್ಟುಬಿಟ್ಟ ಇಂಟರ್‌ಫೇಸ್‌ನಲ್ಲಿ.

ಮನುಷ್ಯನ ಒಂದು ಜೀವಕೋಶದ ಡಿಎನ್‌ಎ ಬಿಚ್ಚಿ ಹಿಡಿದರೆ ಸುಮಾರು 2 ಮೀಟರ್ ಉದ್ದ. ಇಂಟರ್‌ಫೇಸ್‌ನಲ್ಲಿ ಜಿ1, ಎಸ್, ಜಿ2 ಅಂತ ಮೂರು ಭಾಗ. ಎಸ್ ಹಂತದಲ್ಲಿ ಅಷ್ಟನ್ನೂ ಒಂದಕ್ಷರ ಬಿಡದೆ ನಕಲು ಮಾಡಬೇಕು. ಅದಕ್ಕೆ ಮೊದಲು ಜಿ1ನಲ್ಲಿ ಕೋಶ ಬೆಳೆಯಬೇಕು, ಪ್ರೋಟೀನ್ ಕೂಡಿಸಿಕೊಳ್ಳಬೇಕು. ನಕಲಾದ ಮೇಲೆ ಜಿ2ನಲ್ಲಿ ತಪ್ಪು ಉಳಿದಿದೆಯಾ ಅಂತ ನೋಡಬೇಕು. 24 ಗಂಟೆಗೊಮ್ಮೆ ಒಡೆಯುವ ಮಾನವ ಕೋಶಕ್ಕೆ ಮೈಟಾಸಿಸ್‌ಗೆ ಬೇಕಾಗೋದು ಸುಮಾರು ಒಂದು ಗಂಟೆ ಅಷ್ಟೆ. ಉಳಿದ 23 ಗಂಟೆ ಮಲಗಿರುತ್ತದೆ ಅಂತೀರಾ?

ಈ ತಪ್ಪು ಕಲ್ಪನೆ ನಿಮ್ಮದಲ್ಲ ಬಿಡಿ, ಹಳೆಯದು. 1882ರಲ್ಲಿ ವಾಲ್ಟರ್ ಫ್ಲೆಮಿಂಗ್ ಮೈಟಾಸಿಸ್ ಅಂತ ಹೆಸರಿಟ್ಟಾಗ ಬಣ್ಣ ಹಾಕಿದರೆ ಕಣ್ಣಿಗೆ ಬೀಳುತ್ತಿದ್ದದ್ದು ಕ್ರೋಮೋಸೋಮುಗಳ ಓಡಾಟ ಮಾತ್ರ. ಉಳಿದ ಹೊತ್ತು ನ್ಯೂಕ್ಲಿಯಸ್ ಗುಂಡಗೆ ಸುಮ್ನೆ ಕೂತಂತೆ ಕಾಣುತ್ತಿತ್ತು. 1950ರ ದಶಕದ ಆರಂಭದಲ್ಲಿ ಹೊವರ್ಡ್ ಮತ್ತು ಪೆಲ್ಕ್ ಅನ್ನುವ ಇಬ್ಬರು ಬೀನ್ಸ್ ಜಾತಿಯ ಗಿಡದ ಬೇರಿಗೆ ವಿಕಿರಣ ಸೂಸುವ ರಂಜಕ (ಫಾಸ್ಫರಸ್) ಕೊಟ್ಟು ನೋಡಿದರು. ಡಿಎನ್‌ಎ ತಯಾರಾಗೋದು ಆ ‘ಸುಮ್ನೆ ಕೂತ’ ಹೊತ್ತಿನಲ್ಲೇ ಅಂತ ಗೊತ್ತಾಯಿತು. ಆದರೆ ನಕಲಿನ ಹಿಂದೆ ಮುಂದೆ ಇದ್ದ ಅವಧಿಗೆ ‘ಗ್ಯಾಪ್’ ಅನ್ನೋ ಹೆಸರು ಬಿತ್ತು. ಜಿ ಅಂದರೆ ಅದೇ. ಗ್ಯಾಪ್ ಅಂದಮೇಲೆ ಹುಡುಗರು ರಜೆ ಅಂದುಕೊಳ್ಳದೆ ಇನ್ನೇನು ಮಾಡಿಯಾರು!

ಪ್ರಾಕ್ಟಿಕಲ್‌ನಲ್ಲೂ ಇದೇ ಕಥೆ. ಉಳ್ಳಾಗಡ್ಡಿಯ ಬುಡವನ್ನು ಮೂರು ದಿನ ನೀರಿಗೆ ತಾಗಿಸಿಟ್ಟು, ಬಿಳಿ ಬೇರಿನ ತುದಿ ಕತ್ತರಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಒಂದಿಷ್ಟು ಬೆಚ್ಚಗೆ ಮಾಡಿ, ಕವರ್‌ಸ್ಲಿಪ್ ಮೇಲೆ ಹೆಬ್ಬೆರಳು ಒತ್ತಿ ನೋಡಿದರೆ “ಸರ್, ಬರೀ ಗುಂಡು ಗುಂಡು, ಸ್ಲೈಡ್ ಕೆಟ್ಟಿದೆ” ಅಂತಾರೆ. ಕೆಟ್ಟಿಲ್ಲಪ್ಪಾ. ಯಾವ ಹಂತ ಜಾಸ್ತಿ ಹೊತ್ತು ಇರುತ್ತದೋ ಆ ಹಂತದ ಕೋಶಗಳೇ ಜಾಸ್ತಿ ಕಾಣೋದು. ನಡುವೆ ಎಲ್ಲೋ ಒಂದು ಕಡೆ 16 ಕ್ರೋಮೋಸೋಮ್ ಸಾಲಾಗಿ ನಿಂತ ಕೋಶ ಸಿಕ್ಕರೆ ಇಡೀ ಬ್ಯಾಚು ಅದರ ಮೇಲೆ ಮುಗಿಬೀಳುತ್ತದೆ. ನಾನೂ ಇಣುಕುತ್ತೇನೆ, ಸುಳ್ಳೇಕೆ ಹೇಳಲಿ.

ನಿಜವಾಗಿ ಒಡೆಯೋದು ಬಿಟ್ಟ ಕೋಶಗಳೂ ಇವೆ. ಅದು ಜಿ0. ನಮ್ಮ ನರಕೋಶಗಳು ಹಾಗೆ. ಅವೂ ಮಲಗಿಲ್ಲ, ಈ ಸಾಲು ಓದುತ್ತಿರೋದೇ ಅವು.

ಇನ್ನೊಂದು ಮಾತು, ಇದನ್ನು ಯಾರೂ ಕೇಳಿಲ್ಲ. ಬೆಳೆಯೋದು ಅಂದರೆ ಒಡೆಯೋದೇನಾ? ಯಾವಾಗಲೂ ಅಲ್ಲ. ನಮ್ಮ ಎಪಿಎಂಸಿಗೆ ಗಾಡಿಗಟ್ಟಲೆ ಬರುವ ಹತ್ತಿಯನ್ನೇ ನೋಡಿ. ಹೂ ಅರಳುವ ಹೊತ್ತಿಗೆ ಬೀಜದ ಹೊರಪದರದ ಕೆಲವು ಕೋಶಗಳು ಉದ್ದವಾಗಲು ಶುರು ಮಾಡುತ್ತವೆ. ಸುಮಾರು ಮೂರು ವಾರ, ಒಮ್ಮೆಯೂ ಒಡೆಯದೆ, ಹೆಚ್ಚುಕಡಿಮೆ 3 ಸೆಂಟಿಮೀಟರ್‌ವರೆಗೆ ಎಳೆದುಕೊಂಡು ಹೋಗುತ್ತವೆ. ಅಜ್ಜಿ ದೀಪಕ್ಕೆ ಬತ್ತಿ ಹೊಸೆಯುವಾಗ ಪಕ್ಕದಲ್ಲಿ ಕೂತು ಒಂದೇ ಒಂದು ಎಳೆ ಬಿಡಿಸಿಕೊಳ್ಳಿ. ಮೈಕ್ರೋಸ್ಕೋಪ್ ಬೇಡ. ನಿಮ್ಮ ಬೆರಳ ತುದಿಯಲ್ಲಿರೋದು ಇಡೀ ಒಂದು ಜೀವಕೋಶ.