ಬಿಳಿ ಪುಸ್ತಕ, ನೀಲಿ ಪುಸ್ತಕ, ಹಸಿರು ಪುಸ್ತಕ: ಮ್ಯಾಕ್ಸ್ ಮಿಲ್ಲರ್ ನಿಜಕ್ಕೂ ಪೋಲಿನಾ?

ಬ್ರಿಟನ್ನಿನ ಹಳೇ ಹಾಸ್ಯಗಾರರ ಬಗ್ಗೆ ಓದಲು ಕೂತರೆ ಮ್ಯಾಕ್ಸ್ ಮಿಲ್ಲರ್ ಹೆಸರಿನ ಜೊತೆಗೇ ಒಂದು ಕಥೆ ಬರುತ್ತದೆ. ರೇಡಿಯೋದಲ್ಲಿ ಏನೋ ಪೋಲಿ ಜೋಕ್ ಹೇಳಿಬಿಟ್ಟ, ಬಿಬಿಸಿ ಐದು ವರ್ಷ ಅವನನ್ನು ಹೊರಗಿಟ್ಟಿತು ಅಂತ. ಯಾವ ಜೋಕ್ ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜಾಸ್ತಿ ಓಡಾಡುವುದು ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಬೆತ್ತಲೆ ಹುಡುಗಿ ಎದುರಾದ ಪ್ರಸಂಗ. ಆ ಶ್ಲೇಷೆ ಕನ್ನಡಕ್ಕೆ ಬರುವುದಿಲ್ಲ, ಬಂದರೂ ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಹುಟ್ಟಿದ್ದು 1894ರಲ್ಲಿ, ಸಮುದ್ರದಂಡೆಯ ಬ್ರೈಟನ್ನಿನ ಬಡ ಮನೆಯಲ್ಲಿ. ಹೆಸರು ಥಾಮಸ್ ಹೆನ್ರಿ ಸಾರ್ಜೆಂಟ್. ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿ ಫ್ರಾನ್ಸ್, ಇಂಡಿಯಾ, ಮೆಸಪೊಟೇಮಿಯಾ ಸುತ್ತಿದ, ಅಲ್ಲಿ ಮೂರು ದಿನ ಕಣ್ಣು ಕಾಣದೆ ಒದ್ದಾಡಿದ, ಸೈನಿಕರನ್ನು ನಗಿಸುವುದನ್ನೂ ಆಗಲೇ ಶುರು ಮಾಡಿದ. 1921ರಲ್ಲಿ ಮದುವೆ. ಮ್ಯಾಕ್ಸ್ ಮಿಲ್ಲರ್ ಅನ್ನೋ ಹೆಸರು ಹೆಂಡತಿ ಕ್ಯಾಥ್ಲೀನ್ ಕೊಟ್ಟದ್ದು.

ಅಸಲಿ ಮಜಾ ಇರುವುದು ಮೂವತ್ತರ ದಶಕದಲ್ಲಿ. ಆಗಿನ ವೆರೈಟಿ ಥಿಯೇಟರಿನಲ್ಲಿ ಒಂದೇ ಟಿಕೆಟ್ಟಿಗೆ ಹಾಡು, ಜಾದೂ, ಕಸರತ್ತು, ಹಾಸ್ಯ ಎಲ್ಲ ಸಿಗುತ್ತಿತ್ತು, ಸಂಜೆಗೆ ಎರಡು ಆಟ. ಪರದೆಯ ಮುಂದೆ ಇವನೊಬ್ಬನೇ ಬಂದು ನಿಲ್ಲುತ್ತಿದ್ದ. ಕಣ್ಣಿಗೆ ಹೊಡೆಯುವ ಹೂವಿನ ಸೂಟು, ಬಿಳಿ ಟೋಪಿ, ಎರಡು ಬಣ್ಣದ ಬೂಟು. ಜೇಬಿನಿಂದ ಎರಡು ಪುಸ್ತಕ ತೆಗೆದು ತೋರಿಸುತ್ತಿದ್ದ: ಬಿಳಿಯದರಲ್ಲಿ ಸಭ್ಯ ಜೋಕು, ನೀಲಿಯದರಲ್ಲಿ ಇನ್ನೊಂದು ಥರದ್ದು. (ಬ್ಲೂ ಅಂದರೆ ಏನು ಅಂತ ನಮಗೂ ಗೊತ್ತು ಅಲ್ವಾ.) ಯಾವುದು ಬೇಕು ಅಂತ ಕೇಳಿದರೆ ಜನ ನೀಲಿಯೇ ಬೇಕು ಅಂತ ಕೂಗುತ್ತಿದ್ದರು.

ಹಾಗಂತ ಅವನು ಕೆಟ್ಟ ಮಾತು ಆಡುತ್ತಿದ್ದನಾ? ಇಲ್ಲ. ಪ್ರಾಸ ಇರುವ ಸಾಲು ಶುರು ಮಾಡಿ, ಕೊನೇ ಪದ ಬರುವಷ್ಟರಲ್ಲಿ ಬಾಯಿ ಮುಚ್ಚುತ್ತಿದ್ದ. ಆ ಪದ ಕೂತವರ ತಲೆಯಲ್ಲಿ ತಾನಾಗಿ ಹುಟ್ಟಿ, ಹಾಲ್ ಪೂರ್ತಿ ನಗು. ಆಮೇಲೆ ಜನರನ್ನೇ ಗದರಿಸುವುದು: ನಿಮ್ಮಂಥವರಿಂದಲೇ ನನಗೆ ಕೆಟ್ಟ ಹೆಸರು! ನಡುನಡುವೆ ಮ್ಯಾನೇಜರ್ ಬಂದನೇನೋ ಅಂತ ರಂಗದ ಪಕ್ಕಕ್ಕೆ ಕಳ್ಳನೋಟ. ಲಂಡನ್ನಿನ ಹೋಬರ್ನ್ ಎಂಪೈರ್ ಥಿಯೇಟರಿನಲ್ಲಿ ಜನರ ಎದುರೇ ಮುದ್ರಿಸಿದ ಗ್ರಾಮಫೋನ್ ಪ್ಲೇಟುಗಳಿವೆ, ಕೇಳಬೇಕು ಅದನ್ನ. ಹೇಳಿದ್ದಕ್ಕಿಂತ ಹೇಳದೇ ಬಿಟ್ಟದ್ದಕ್ಕೇ ಜಾಸ್ತಿ ನಗು.

ರೇಡಿಯೋಗೆ ಇದೇ ಕಷ್ಟ. ಥಿಯೇಟರಿಗೆ ಬಂದವರು ಗೊತ್ತಿದ್ದೇ ದುಡ್ಡು ಕೊಟ್ಟು ಕೂತವರು. ರೇಡಿಯೋ ಇರುವುದು ಮನೆಯೊಳಗೆ, ಅತ್ತೆ ಮಕ್ಕಳ ಮಧ್ಯೆ. ಅಲ್ಲಿ ಕಣ್ಣು ಮಿಟುಕಿಸಿದ್ದು ಕಾಣುವುದಿಲ್ಲ, ಅರ್ಧ ವಾಕ್ಯ ಮಾತ್ರ ಉಳಿಯುತ್ತದೆ. ನಲವತ್ತರ ದಶಕದ ಕೊನೆಗೆ ಬಿಬಿಸಿ ತನ್ನ ಹಾಸ್ಯ ಬರೆಯುವವರಿಗೆ ಒಂದು ಕೈಪಿಡಿಯನ್ನೇ ಮಾಡಿತು, ಅದಕ್ಕೆ ಹಸಿರು ಪುಸ್ತಕ ಅಂತ ಹೆಸರು ಬಿತ್ತು. ಹೊಸದಾಗಿ ಮದುವೆಯಾದವರು, ಹೆಂಗಸರ ಒಳಉಡುಪು, ಅಂಜೂರದ ಎಲೆ (ಆಡಮ್ ಈವ್ ಮಾನ ಮುಚ್ಚಿಕೊಂಡದ್ದು), ಮೊಲ, ಇವುಗಳ ಬಗ್ಗೆ ಪೋಲಿ ಸೂಚನೆ ಕೂಡದು. ಮೊಲ ಪಾಪ ಏನು ಮಾಡಿತ್ತೋ! ನನಗಂತೂ ಇಂಥ ಪಟ್ಟಿ ಬರೆದು ಕೂತವರ ತಲೆಯಲ್ಲೇ ನೀಲಿ ಪುಸ್ತಕದ ಪುಟ ಜಾಸ್ತಿ ಇತ್ತೇನೋ ಅನ್ನಿಸುತ್ತದೆ.

1950ರದ್ದು ಬೇರೆಯೇ ಜಗಳ, ಜನ ಸುಮ್ನೆ ಅದನ್ನೂ ರೇಡಿಯೋ ಜೋಕಿನ ಕಥೆಯನ್ನೂ ಸೇರಿಸಿಬಿಡುತ್ತಾರೆ. ರಾಜಮನೆತನದವರು ಬಂದು ನೋಡುವ ವರ್ಷದ ಪ್ರದರ್ಶನದಲ್ಲಿ ಇವನಿಗೆ ಕೊಟ್ಟದ್ದು ಆರು ನಿಮಿಷ, ಅಮೆರಿಕದ ಹಾಸ್ಯಗಾರ ಜಾಕ್ ಬೆನ್ನಿ ಅನ್ನುವವನಿಗೆ ಅದಕ್ಕಿಂತ ತುಂಬಾ ಜಾಸ್ತಿ. ಮಿಲ್ಲರ್ ಸಿಟ್ಟಾಗಿ ಹನ್ನೆರಡು ನಿಮಿಷ ಎಳೆದ. ಚಪ್ಪಾಳೆ ಬಿತ್ತು, ದೊಡ್ಡ ಥಿಯೇಟರುಗಳು ಸ್ವಲ್ಪ ಕಾಲ ತಪ್ಪಿಹೋದವು. ಇಲ್ಲಿ ತಪ್ಪಾದದ್ದು ಗಡಿಯಾರದ್ದು, ಪೋಲಿತನದ್ದಲ್ಲ. ವಾಪಸ್ ಕರೆದರೂ ಅಷ್ಟರಲ್ಲಿ ವೆರೈಟಿಯ ಕಾಲವೇ ಮುಗಿಯುತ್ತಾ ಬಂದಿತ್ತು. ಟಿವಿ ಬಂತು, ಥಿಯೇಟರುಗಳು ಒಂದೊಂದಾಗಿ ಮುಚ್ಚಿದವು. ಹೋಬರ್ನ್ ಎಂಪೈರ್ ಅಂತೂ 1941ರ ಬಾಂಬಿಗೇ ಹಾಳಾಗಿತ್ತು.

1963ರ ಮೇ ತಿಂಗಳಲ್ಲಿ ಬ್ರೈಟನ್ನಿನ ಮನೆಯಲ್ಲೇ ತೀರಿಕೊಂಡ. ನಾಲ್ಕು ವರ್ಷಕ್ಕೆ ಬೀಟಲ್ಸ್‌ನವರ ಸಾರ್ಜೆಂಟ್ ಪೆಪ್ಪರ್ ಆಲ್ಬಮ್ಮಿನ ಮುಖಪುಟದ ಗುಂಪಿನಲ್ಲಿ ಅವನ ಮುಖವೂ ಬಂತು. 2005ರಲ್ಲಿ ಬ್ರೈಟನ್ನಿನಲ್ಲಿ ಪ್ರತಿಮೆ ನಿಲ್ಲಿಸಿದರು. ಕಂಚಿನದು, ಹಾಗಾಗಿ ಆ ಹೂವಿನ ಸೂಟಿನ ಬಣ್ಣವನ್ನು ನಾವೇ ಊಹಿಸಿಕೊಳ್ಳಬೇಕು.