ಎರಡೂವರೆ ಲಕ್ಷ ಉತ್ತರ, ಹತ್ತು ಜನರ ತೂಕ

ಸರ್ಕಾರ ಕೊರೊನಾ ಕಾಲವನ್ನು ಚೆನ್ನಾಗಿ ನಿಭಾಯಿಸಿತಾ? ಆರ್ಥಿಕತೆ ಚೇತರಿಸಿಕೊಂಡಿದೆ ಅಂತ ಜನರಿಗೆ ಅನ್ನಿಸಿದೆಯಾ? ಇಂಥ ಸಮೀಕ್ಷೆಯ ಫಲಿತಾಂಶ ಬಂದರೆ ನಾವು ಮೊದಲು ನೋಡುವುದು ಎಷ್ಟು ಜನರನ್ನು ಕೇಳಿದ್ದಾರೆ ಅನ್ನುವುದನ್ನು. ಲಕ್ಷಗಟ್ಟಲೆ ಇದ್ದರೆ ಒಪ್ಪಿಕೊಳ್ಳುತ್ತೇವೆ. ಸಾವಿರ ಅಂದರೆ, ‘ಇಷ್ಟು ದೊಡ್ಡ ದೇಶದಲ್ಲಿ ಸಾವಿರ ಜನ ಯಾವ ಲೆಕ್ಕ?’ ಅಂತ ತಳ್ಳಿಹಾಕುತ್ತೇವೆ. ಇದನ್ನು ನಾನು ಮೂಢನಂಬಿಕೆ ಅಂತಲೇ ಕರೆಯುತ್ತೇನೆ. ಚೆನ್ನಾಗಿ ಓದಿಕೊಂಡವರಲ್ಲೂ ಇದು ಬೇರೂರಿದೆ. ಇದು ತಪ್ಪು ಅನ್ನುವುದಕ್ಕೆ 1936ರಿಂದಲೂ ಸಾಕ್ಷಿ ಇದೆ. ಕೊರೊನಾ ಕಾಲದಲ್ಲಂತೂ ಇನ್ನೂ ದೊಡ್ಡ ಸಾಕ್ಷಿ ಸಿಕ್ಕಿತು.

2021ರ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಲಸಿಕೆ ಹಾಕಿಸಿಕೊಂಡವರು ಎಷ್ಟು ಅಂತ ತಿಳಿಯಲು ಮೂರು ಸಮೀಕ್ಷೆಗಳು ನಡೆಯುತ್ತಿದ್ದವು. ಒಂದು ಫೇಸ್‌ಬುಕ್ ಬಳಕೆದಾರರನ್ನು ಕೇಳುತ್ತಿತ್ತು, ವಾರಕ್ಕೆ ಸುಮಾರು 2,50,000 ಉತ್ತರ ಬರುತ್ತಿದ್ದವು. ಇನ್ನೊಂದನ್ನು ಅಲ್ಲಿನ ಜನಗಣತಿ ಇಲಾಖೆ ನಡೆಸುತ್ತಿತ್ತು, ಎರಡು ವಾರಕ್ಕೆ ಸುಮಾರು 75,000 ಉತ್ತರ. ಮೂರನೆಯದು ಆಕ್ಸಿಯೋಸ್ ಅನ್ನುವ ಸುದ್ದಿ ತಾಣ ಮತ್ತು ಇಪ್ಸಾಸ್ ಅನ್ನುವ ಸಮೀಕ್ಷಾ ಸಂಸ್ಥೆಯದ್ದು. ವಾರಕ್ಕೆ ಬರೀ ಸಾವಿರ.

ಲಸಿಕೆಗೆ ಒಂದು ಅನುಕೂಲ ಇದೆ. ಎಷ್ಟು ಡೋಸ್ ಹಾಕಿದರು ಅನ್ನುವ ಲೆಕ್ಕ ಸರ್ಕಾರದ ಹತ್ತಿರ ಬೇರೆಯಾಗಿ ಇರುತ್ತದೆ. ಹಾಗಾಗಿ ಸಮೀಕ್ಷೆ ಸರಿಯೋ ತಪ್ಪೋ ಅಂತ ಆಮೇಲೆ ತಾಳೆ ನೋಡಬಹುದು. ಸಂಖ್ಯಾಶಾಸ್ತ್ರಜ್ಞ ಶಿಯಾವೋ-ಲಿ ಮೆಂಗ್ ಮತ್ತು ಜೊತೆಗಾರರು ಹೀಗೆ ತಾಳೆ ನೋಡಿದರು. ಅವರ ಲೇಖನ 2021ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮೇ ತಿಂಗಳ ಹೊತ್ತಿಗೆ ಫೇಸ್‌ಬುಕ್ ಸಮೀಕ್ಷೆ ನಿಜಕ್ಕಿಂತ 17 ಶೇಕಡಾ ಅಂಶ ಜಾಸ್ತಿ ಹೇಳುತ್ತಿತ್ತು. ಜನಗಣತಿ ಇಲಾಖೆಯದ್ದು 14 ಅಂಶ ಜಾಸ್ತಿ. ಸಾವಿರ ಜನರ ಸಮೀಕ್ಷೆ ಮಾತ್ರ ಸರಿಯಾದ ಉತ್ತರದ ಹತ್ತಿರವೇ ಇತ್ತು. ಎರಡೂವರೆ ಲಕ್ಷ ಉತ್ತರಗಳ ನಿಜವಾದ ಬೆಲೆ, ಚೀಟಿ ಎತ್ತಿ ಆರಿಸಿದ ಹತ್ತು ಜನರ ಉತ್ತರಕ್ಕೆ ಸಮ ಅಂತ ಅವರು ಲೆಕ್ಕ ಹಾಕಿ ತೋರಿಸಿದರು.

ಹತ್ತು! ಇದು ಹೇಗೆ ಸಾಧ್ಯ ಅನ್ನುವುದೇ ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ. ಇದನ್ನು ಅರ್ಥ ಮಾಡಿಕೊಳ್ಳಲು ಕೂಡು, ಕಳೆ, ಗುಣಿಸು ಗೊತ್ತಿದ್ದರೆ ಸಾಕು.

ಹತ್ತು ಕೋಟಿ ಜನರಿರುವ ಒಂದು ದೇಶ ಅಂದುಕೊಳ್ಳೋಣ. ಸರ್ಕಾರದ ಕೆಲಸ ಮೆಚ್ಚಿದವರು ಐದು ಕೋಟಿ, ಮೆಚ್ಚದವರು ಐದು ಕೋಟಿ. ನಿಜವಾದ ಉತ್ತರ ಶೇ. 50. ಈಗ ಆನ್‌ಲೈನಿನಲ್ಲಿ ಒಂದು ಸಮೀಕ್ಷೆ ನಡೆಯುತ್ತದೆ. ಮೆಚ್ಚಿದವರಲ್ಲಿ ಹತ್ತು ಸಾವಿರಕ್ಕೆ 12 ಜನ ಉತ್ತರ ಕೊಡುತ್ತಾರೆ. ಮೆಚ್ಚದವರಲ್ಲಿ ಹತ್ತು ಸಾವಿರಕ್ಕೆ 8 ಜನ. ಎಷ್ಟು ಸಣ್ಣ ವ್ಯತ್ಯಾಸ, ಅಲ್ವಾ? ಹತ್ತು ಸಾವಿರದಲ್ಲಿ ನಾಲ್ಕೇ ನಾಲ್ಕು ಜನ. ಆದರೆ ಒಟ್ಟು ಕೂಡಿಸಿ ನೋಡಿ. ಮೆಚ್ಚಿದವರ ಕಡೆಯಿಂದ 60,000 ಉತ್ತರ, ಮೆಚ್ಚದವರಿಂದ 40,000. ಒಟ್ಟು ಒಂದು ಲಕ್ಷ. ‘ಒಂದು ಲಕ್ಷ ಜನರ ಬೃಹತ್ ಸಮೀಕ್ಷೆ: ಶೇ. 60 ಜನರ ಮೆಚ್ಚುಗೆ’ ಅಂತ ಸುದ್ದಿಯಾಗುತ್ತದೆ. ಶೇ. 50 ಮತ್ತು ಶೇ. 60ರ ನಡುವೆ ಎಷ್ಟು ರಾಜಕೀಯ ನಡೆಯುತ್ತದೆ ಅಂತ ಹೇಳಬೇಕಾಗಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಸಮೀಕ್ಷೆಗಳ ಕೆಳಗೆ ‘ತಪ್ಪಿನ ಮಿತಿ’ ಅಂತ ಒಂದು ಅಂಕಿ ಹಾಕಿರುತ್ತಾರೆ. ಸಾವಿರ ಜನರಿಗೆ ಅದು ಸುಮಾರು 3 ಅಂಶ. ಲಕ್ಷ ಜನರಿಗೆ 0.3 ಅಂಶ. ಹಾಗಾಗಿ ನಮ್ಮ ಸಮೀಕ್ಷೆ ‘ಶೇ. 60, ಹೆಚ್ಚೆಂದರೆ 0.3 ಆಚೀಚೆ’ ಅಂತ ಹೇಳುತ್ತದೆ. ನಿಜವಾದ ಉತ್ತರ ಅದರಿಂದ ಹತ್ತು ಅಂಶ ದೂರದಲ್ಲಿದೆ! ಉತ್ತರಗಳನ್ನು ಹತ್ತು ಪಟ್ಟು ಮಾಡಿ, ಹತ್ತು ಲಕ್ಷಕ್ಕೆ ಏರಿಸಿ. ಹತ್ತು ಸಾವಿರಕ್ಕೆ ಮೆಚ್ಚಿದವರಲ್ಲಿ 120, ಮೆಚ್ಚದವರಲ್ಲಿ 80. ಫಲಿತಾಂಶ ಆಗಲೂ ಶೇ. 60. ತಪ್ಪಿನ ಮಿತಿ ಮಾತ್ರ 0.1ಕ್ಕೆ ಇಳಿಯುತ್ತದೆ. ಅಂದರೆ ತಪ್ಪು ಇದ್ದಲ್ಲೇ ಇದೆ, ಧೈರ್ಯ ಜಾಸ್ತಿಯಾಗಿದೆ. ಆ ಮಿತಿ ಹೇಳುವುದು ಅದೃಷ್ಟದಿಂದ ಆಗುವ ಏರುಪೇರನ್ನು ಮಾತ್ರ. ಯಾರು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು ಅದರ ಲೆಕ್ಕಕ್ಕೇ ಬರುವುದಿಲ್ಲ.

ಅದೇ ದೇಶದಲ್ಲಿ ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು, ಚೆನ್ನಾಗಿ ಬೆರೆಸಿ, 25 ಚೀಟಿ ಎತ್ತಿ, ಆ 25 ಜನರನ್ನು ಕೇಳಿದರೆ ಏನಾಗುತ್ತದೆ? ಸಾಮಾನ್ಯವಾಗಿ ಆಗುವ ತಪ್ಪು ಸುಮಾರು ಹತ್ತು ಅಂಶ. ಅಂದರೆ ನಮ್ಮ ಒಂದು ಲಕ್ಷ ಉತ್ತರಗಳ ಬೆಲೆ 25 ಚೀಟಿಗೆ ಸಮ. ಮೆಂಗ್ 2018ರಲ್ಲೇ ಇದಕ್ಕೆ ಒಂದು ಸೂತ್ರ ಕೊಟ್ಟಿದ್ದರು. ಅದರಲ್ಲಿ ಬೆರಗು ಹುಟ್ಟಿಸುವ ಸಂಗತಿ ಒಂದಿದೆ. ಉತ್ತರ ಕೊಡುವ ಮನಸ್ಸಿಗೂ ಉತ್ತರಕ್ಕೂ ಚೂರು ನಂಟಿದ್ದರೆ, ದೇಶ ದೊಡ್ಡದಾದಷ್ಟೂ ಆ ನಂಟಿನ ಪೆಟ್ಟು ಜೋರಾಗುತ್ತದೆ. ಚೀಟಿ ಎತ್ತುವ ಸಮೀಕ್ಷೆಗೆ ದೇಶದ ಗಾತ್ರ ಹೆಚ್ಚುಕಮ್ಮಿ ಲೆಕ್ಕಕ್ಕೇ ಇಲ್ಲ. ಹತ್ತು ಲಕ್ಷ ಜನರಿರಲಿ, ನೂರು ಕೋಟಿ ಇರಲಿ, ಸಾವಿರ ಚೀಟಿ ಸಾಕು.

ಸಾವಿರ ಸಾಕಾಗುವುದು ಹೇಗೆ ಅಂತ ಕೇಳುವವರು ರಕ್ತ ಪರೀಕ್ಷೆಯನ್ನು ನೆನೆಯಬಹುದು. ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇದೆ. ಪರೀಕ್ಷೆಗೆ ತೆಗೆಯುವುದು ಕೆಲವೇ ಮಿಲಿಲೀಟರ್. ‘ಇಷ್ಟು ಸಾಲದು, ಇನ್ನೆರಡು ಲೀಟರ್ ತೆಗೀರಿ’ ಅಂತ ಯಾರೂ ಹಠ ಹಿಡಿಯುವುದಿಲ್ಲ. ಹೃದಯ ಆ ರಕ್ತವನ್ನು ಸದಾ ಬೆರೆಸುತ್ತಲೇ ಇರುತ್ತದೆ. ಸಮಾಜ ಹಾಗೆ ತಾನಾಗಿ ಬೆರೆಯುವುದಿಲ್ಲ. ಬಡವರು ಒಂದು ಕಡೆ, ಉಳ್ಳವರು ಒಂದು ಕಡೆ. ಇಂಟರ್ನೆಟ್ ಇರುವವರು ಒಂದು ಕಡೆ, ಇಲ್ಲದವರು ಒಂದು ಕಡೆ. ಬೆರೆಸುವ ಕೆಲಸವನ್ನು ಸಮೀಕ್ಷೆ ಮಾಡುವವರೇ ಮಾಡಬೇಕು. ಇಪ್ಸಾಸ್ ಅದನ್ನೇ ಮಾಡಿತ್ತು. ಮನೆ ವಿಳಾಸಗಳ ಪಟ್ಟಿಯಿಂದ ಜನರನ್ನು ಆರಿಸಿತ್ತು. ಇಂಟರ್ನೆಟ್ ಇಲ್ಲದ ಮನೆಗೆ ಟ್ಯಾಬ್ಲೆಟ್ ಕೊಟ್ಟು ಸಂಪರ್ಕವನ್ನೂ ಕೊಟ್ಟಿತ್ತು. ಸಾವಿರ ಜನರಿಗಾಗಿ ಇಷ್ಟು ಒದ್ದಾಟ!

1936ರ ಕತೆ ಇಲ್ಲಿ ಹೇಳಲೇಬೇಕು. ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಆ ವರ್ಷದ ಅಧ್ಯಕ್ಷ ಚುನಾವಣೆಗೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. ಇಪ್ಪತ್ಮೂರು ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಆಲ್ಫ್ ಲ್ಯಾಂಡನ್ ಶೇ. 57 ಮತ ಪಡೆದು ಗೆಲ್ಲುತ್ತಾರೆ ಅಂತ ಅದು ಬರೆಯಿತು. ಗೆದ್ದವರು ಆಗ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೂ ಸುಮಾರು ಶೇ. 61 ಮತಗಳಿಂದ. ಲ್ಯಾಂಡನ್‌ಗೆ ಸಿಕ್ಕಿದ್ದು ಎರಡೇ ರಾಜ್ಯ, ಮೇನ್ ಮತ್ತು ವರ್ಮಾಂಟ್. ವಿಳಾಸಗಳು ಬಂದಿದ್ದು ಹೆಚ್ಚಾಗಿ ಟೆಲಿಫೋನ್ ಪಟ್ಟಿ ಮತ್ತು ಕಾರಿನ ನೋಂದಣಿ ಪಟ್ಟಿಯಿಂದ. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಟೆಲಿಫೋನ್, ಕಾರು ಇದ್ದವರು ಯಾರು ಅಂತ ಊಹಿಸಬಹುದು. ಜೊತೆಗೆ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರು ಚೀಟಿ ತುಂಬಿ ಕಳಿಸಿದ್ದು ಜಾಸ್ತಿ. ತುಂಬಾ ಕಡಿಮೆ ಜನರನ್ನು ಕೇಳಿದ್ದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದ್ದರು. ಗಮನಿಸಿ, ಆ ಚುನಾವಣೆಯ ವಿಷಯವೂ ಆರ್ಥಿಕ ಚೇತರಿಕೆಯೇ ಆಗಿತ್ತು.

ಭಾರತದಲ್ಲಿ ಇದನ್ನು ಬಹಳ ಹಿಂದೆಯೇ ಆಳವಾಗಿ ಯೋಚಿಸಿದವರು ಪ್ರಶಾಂತ ಚಂದ್ರ ಮಹಾಲನೋಬಿಸ್. 1931ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದವರು. ಬಂಗಾಳದ ಸೆಣಬಿನ ಬೆಳೆ ಅಳೆಯುವಾಗ ಅವರು ಒಂದೇ ಪ್ರದೇಶಕ್ಕೆ ಎರಡು ಬೇರೆ ಬೇರೆ ತಂಡ ಕಳಿಸುತ್ತಿದ್ದರು. ಎರಡೂ ತಂಡಗಳಿಗೆ ಬೇರೆ ಬೇರೆ ಸ್ಯಾಂಪಲ್. ಎರಡರ ಉತ್ತರ ದೂರ ದೂರ ಬಂದರೆ ಅಳೆಯುವವರ ತಪ್ಪು ಎಷ್ಟಿದೆ ಅಂತ ಗೊತ್ತಾಗುತ್ತಿತ್ತು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ ಇದ್ದರು. ಎಣಿಕೆಗಿಂತ ಆಯ್ಕೆ ಮುಖ್ಯ ಅನ್ನುವುದನ್ನು ಇಷ್ಟು ಹಿಂದೆಯೇ ಮಾಡಿ ತೋರಿಸಿದ ನಾಡಿನಲ್ಲಿ, ವಾಟ್ಸಾಪ್ ಪೋಲ್ ನೋಡಿ ಜನಾಭಿಪ್ರಾಯ ತೀರ್ಮಾನಿಸುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಸಾಂಕ್ರಾಮಿಕದ ಹೊತ್ತಿನಲ್ಲಿ ಈ ತೊಂದರೆ ಇನ್ನೂ ಬಿಗಡಾಯಿಸುತ್ತದೆ. ಕಾಯಿಲೆ ಬಿದ್ದವರು ಫೋನ್ ಎತ್ತುವುದಿಲ್ಲ. ಮನೆಯಲ್ಲಿ ಸಾವಾದವರು ಪ್ರಶ್ನಾವಳಿ ತುಂಬುತ್ತಾ ಕೂರುವುದಿಲ್ಲ. ಕೆಲಸ ಹೋಗಿ ಊರು ಬಿಟ್ಟವರ ವಿಳಾಸವೇ ಇರುವುದಿಲ್ಲ. ಸರ್ಕಾರದ ನಿರ್ಧಾರಗಳಿಂದ ಹೆಚ್ಚು ಪೆಟ್ಟು ತಿಂದವರೇ ಉತ್ತರದ ಪಟ್ಟಿಯಿಂದ ಮೊದಲು ಜಾರಿಹೋಗುತ್ತಾರೆ. ಮನೆ ಬಾಗಿಲಿಗೆ ಹೋಗಿ ಕೇಳುವುದು 2020ರಲ್ಲಿ ಬಹಳಷ್ಟು ಕಡೆ ನಿಂತೇ ಹೋಯಿತು. ಸರ್ಕಾರಿ ಅಂಕಿಗಳಲ್ಲಿ ಇನ್ನೊಂದು ಬಗೆಯ ತಪ್ಪೂ ನುಸುಳಿತು. ಅಮೆರಿಕದಲ್ಲಿ ಆ ವರ್ಷದ ಏಪ್ರಿಲ್‌ನ ನಿರುದ್ಯೋಗ ಶೇ. 14.7 ಅಂತ ಪ್ರಕಟವಾಯಿತು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಎಷ್ಟೋ ಜನರನ್ನು ‘ಕೆಲಸ ಇದೆ, ರಜೆಯಲ್ಲಿದ್ದಾರೆ’ ಅಂತ ಬರೆದುಕೊಳ್ಳಲಾಗಿತ್ತು. ಅವರನ್ನೂ ಸೇರಿಸಿದ್ದರೆ ಅಂಕಿ ಸುಮಾರು ಐದು ಅಂಶ ಹೆಚ್ಚಾಗುತ್ತಿತ್ತು ಅಂತ ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯೇ ತಿಳಿಸಿತು.

ಆಯ್ಕೆ ಸರಿಯಾಗಿದ್ದರೂ ಜನ ಯಾವುದಕ್ಕೆ ಉತ್ತರ ಕೊಡುತ್ತಿದ್ದಾರೆ ಅನ್ನುವ ಪ್ರಶ್ನೆ ಉಳಿಯುತ್ತದೆ. ವಿಪತ್ತು ಬಂದ ಮೊದಲ ವಾರಗಳಲ್ಲಿ ಜನ ನಾಯಕರ ಸುತ್ತ ಒಟ್ಟಾಗುತ್ತಾರೆ. ರಾಜಕೀಯ ವಿಜ್ಞಾನಿ ಜಾನ್ ಮುಲ್ಲರ್ ಇದನ್ನು 1970ರಲ್ಲೇ ವಿವರಿಸಿದ್ದರು. 2001ರ ಸೆಪ್ಟೆಂಬರ್ ದಾಳಿಗೆ ಮೊದಲು ಜಾರ್ಜ್ ಬುಷ್ ಅವರನ್ನು ಮೆಚ್ಚಿದ್ದವರು ಶೇ. 51, ಎರಡೇ ವಾರದಲ್ಲಿ ಶೇ. 90. ಅಷ್ಟರಲ್ಲಿ ಅವರ ಸಾಮರ್ಥ್ಯವೇನೂ ಅಷ್ಟು ಪಟ್ಟು ಬೆಳೆದಿರಲಿಲ್ಲ. 2020ರ ವಸಂತದಲ್ಲೂ ಹಲವು ದೇಶಗಳ ನಾಯಕರಿಗೆ ಇಂಥ ಏರಿಕೆ ಸಿಕ್ಕಿತು. ಅದೇ ಬೇಸಿಗೆಯಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 14 ಮುಂದುವರಿದ ದೇಶಗಳಲ್ಲಿ ಕೇಳಿದಾಗ, ತಮ್ಮ ದೇಶ ಚೆನ್ನಾಗಿ ನಿಭಾಯಿಸಿದೆ ಅಂದವರು ಡೆನ್ಮಾರ್ಕಿನಲ್ಲಿ ಶೇ. 95, ಅಮೆರಿಕದಲ್ಲಿ ಶೇ. 47, ಬ್ರಿಟನ್ನಿನಲ್ಲಿ ಶೇ. 46. ಮೊದಲ ಒಗ್ಗಟ್ಟು ಕರಗಿದ ಮೇಲೆ ದೇಶ ದೇಶಗಳ ನಡುವಿನ ವ್ಯತ್ಯಾಸ ಎದ್ದು ಕಂಡಿತು. ಹಾಗಾಗಿ ‘ಯಾವಾಗ ಕೇಳಿದರು’ ಅನ್ನುವುದನ್ನು ಬಿಟ್ಟು ಯಾವ ಅಂಕಿಯನ್ನೂ ಓದಬಾರದು.

ಆರ್ಥಿಕತೆಯ ಬಗ್ಗೆ ಜನರ ಭಾವನೆ ಇನ್ನೂ ವಿಚಿತ್ರ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಗ್ರಾಹಕರ ವಿಶ್ವಾಸವನ್ನು ಒಂದು ಸೂಚ್ಯಂಕದಲ್ಲಿ ದಶಕಗಳಿಂದ ಅಳೆಯುತ್ತಿದೆ, ಅಂಕಿ ಹೆಚ್ಚಾದಷ್ಟೂ ವಿಶ್ವಾಸ ಹೆಚ್ಚು. ನಿರುದ್ಯೋಗ ಶೇ. 14.7 ಇದ್ದ 2020ರ ಏಪ್ರಿಲ್‌ನಲ್ಲಿ ಅದು 72ರ ಹತ್ತಿರ ಇತ್ತು. ನಿರುದ್ಯೋಗ ಶೇ. 3.6ಕ್ಕೆ ಇಳಿದಿದ್ದ 2022ರ ಜೂನ್‌ನಲ್ಲಿ 50ಕ್ಕೆ ಕುಸಿಯಿತು. ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಕಡಿಮೆ. ಜನರಿಗೆ ಬುದ್ಧಿ ಇಲ್ಲ ಅಂತ ಕೆಲವು ಪಂಡಿತರು ಆಗ ಬೇಸರಪಟ್ಟುಕೊಂಡರು. ನನಗೆ ಹಾಗೆ ಕಾಣುವುದಿಲ್ಲ. ಕೆಲಸ ಹೋಗುವುದು ನೂರರಲ್ಲಿ ಕೆಲವರಿಗೆ, ಬೆಲೆ ಏರುವುದು ನೂರಕ್ಕೆ ನೂರು ಜನರಿಗೆ. ಆ ಜೂನ್‌ನಲ್ಲಿ ಹಣದುಬ್ಬರ ಶೇ. 9.1 ಇತ್ತು. ನಾಲ್ಕು ದಶಕಗಳಲ್ಲಿ ಅಷ್ಟು ಏರಿರಲಿಲ್ಲ.

ಚೇತರಿಕೆಯ ಅಂಕಿಗಳೂ ಜನರನ್ನು ದಾರಿ ತಪ್ಪಿಸುತ್ತವೆ. ಭಾರತದ ಜಿಡಿಪಿ 2020ರ ಏಪ್ರಿಲ್-ಜೂನ್‌ನಲ್ಲಿ ಸುಮಾರು ಶೇ. 24 ಕುಸಿಯಿತು. ಮುಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಶೇ. 20.1 ಬೆಳೆಯಿತು. ಕಳೆದುಕೊಂಡಿದ್ದು ಬಹುತೇಕ ವಾಪಸ್ ಬಂತು ಅಂತ ಕೇಳಿದವರಿಗೆ ಅನ್ನಿಸುತ್ತದೆ. ಲೆಕ್ಕ ಹಾಕಿ: 100 ಇದ್ದಿದ್ದು 76 ಆಯಿತು. 76ರ ಶೇ. 20 ಅಂದರೆ ಸುಮಾರು 15. ಒಟ್ಟು 91. ಎರಡು ವರ್ಷದ ಹಿಂದೆ ಇದ್ದ ಜಾಗ ಇನ್ನೂ ಒಂಬತ್ತು ಮೆಟ್ಟಿಲು ಮೇಲಿದೆ. ‘ಚೇತರಿಕೆ ತೃಪ್ತಿ ತಂದಿದೆಯೇ?’ ಅಂತ ಕೇಳಿದಾಗ ಒಬ್ಬರು 20 ಅನ್ನುವ ಅಂಕಿಗೆ ಉತ್ತರಿಸುತ್ತಾರೆ, ಇನ್ನೊಬ್ಬರು 91 ಅನ್ನುವ ಅನುಭವಕ್ಕೆ.

ಬಂದ ಉತ್ತರಗಳನ್ನು ವಯಸ್ಸು, ಲಿಂಗ, ಓದು ನೋಡಿ ತೂಕ ಹಾಕಿ, ಅಂದರೆ ಕಡಿಮೆ ಸಿಕ್ಕ ಗುಂಪಿನವರ ಉತ್ತರಕ್ಕೆ ಹೆಚ್ಚು ಬೆಲೆ ಕೊಟ್ಟು, ಸರಿಪಡಿಸುತ್ತೇವೆ ಅಂತ ಸಮೀಕ್ಷಕರು ಹೇಳುತ್ತಾರೆ. ಅದು ಸುಳ್ಳಲ್ಲ. ಫೇಸ್‌ಬುಕ್ ಸಮೀಕ್ಷೆಯಲ್ಲಿ ಓದಿನ ತೂಕ ಹಾಕದೇ ಇದ್ದದ್ದೂ ಒಂದು ಲೋಪವೇ. ಆದರೆ ತೂಕ ಹಾಕಲು ಆ ಗುಣದ ಸರಿಯಾದ ಲೆಕ್ಕ ದೇಶದ ಮಟ್ಟದಲ್ಲಿ ಮೊದಲೇ ಗೊತ್ತಿರಬೇಕು. ನಂಬಿಕೆಗೆ ಅಂಥ ಲೆಕ್ಕ ಎಲ್ಲಿದೆ? ಸರ್ಕಾರವನ್ನು ನಂಬದವರಲ್ಲಿ ಬಹಳ ಜನ ಸಮೀಕ್ಷೆಯನ್ನೂ ನಂಬುವುದಿಲ್ಲ, ಫೋನ್ ಇಟ್ಟುಬಿಡುತ್ತಾರೆ. ಪ್ಯೂ ಸಂಸ್ಥೆಯ ಫೋನ್ ಸಮೀಕ್ಷೆಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರಿಸುತ್ತಿದ್ದರು, 2018ರಲ್ಲಿ 6 ಜನ. ಉಳಿದ 94 ಜನರ ಮನಸ್ಸಿನಲ್ಲಿ ಏನಿದೆ ಅನ್ನುವುದೇ ನಾವು ಅಳೆಯಲು ಹೊರಟ ವಿಷಯ. ಲಸಿಕೆಯ ವಿಷಯದಲ್ಲಿ ತಾಳೆ ನೋಡಲು ಡೋಸ್‌ಗಳ ಲೆಕ್ಕವಾದರೂ ಇತ್ತು, ಅದರಿಂದಲೇ 17 ಅಂಶದ ತಪ್ಪು ಬಯಲಾಯಿತು. ಸರ್ಕಾರದ ಬಗ್ಗೆ ಜನರ ಅಭಿಪ್ರಾಯ ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಚುನಾವಣೆಯೊಂದೇ ಅದರ ಹತ್ತಿರಕ್ಕೆ ಬರುತ್ತದೆ. ಅದೂ ಕೆಲವು ವರ್ಷಕ್ಕೊಮ್ಮೆ, ನೂರೆಂಟು ಬೇರೆ ವಿಷಯಗಳನ್ನು ಬೆರೆಸಿಕೊಂಡು.